ಕರೆದರೆ ಹತ್ತು ಹೆಜ್ಜೆ ದೂರ ನಿಲ್ಲುತ್ತಾಳೆ: ಬೆಲ್ಲಳಿಗೆ ಮತ್ತೆ 'ಬಾ' ಕಲಿಸುವುದು ಹೇಗೆ?

ತೊಗರಿ ಹೊಲ, ಕಲಬುರಗಿ · ಜನವರಿ 6

ಎಲ್ಲರಿಗೂ ನಮಸ್ಕಾರ. ನಮ್ಮ ಬೆಲ್ಲಳ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಬೆಲ್ಲ ಎರಡು ವರ್ಷದ ಹೆಣ್ಣು ನಾಯಿ. ತಾಯಿ ಮುಧೋಳ ತಳಿ, ಅಫಜಲಪುರ ಕಡೆ ನಮ್ಮ ಸೋದರಮಾವನ ಹೊಲದಲ್ಲಿದೆ. ತಂದೆ ಊರ ನಾಯಿ. ಮೈಬಣ್ಣ ಹಳೇ ಬೆಲ್ಲದ್ದು, ಅದಕ್ಕೇ ಆ ಹೆಸರು. ಉದ್ದ ಕಾಲು, ಬೆನ್ನಿಗೆ ಹತ್ತಿದ ಹೊಟ್ಟೆ. ಓಡುವುದೆಂದರೆ ಜೀವ.

ಮನೆ ಸೇಡಂ ರಸ್ತೆ ಕಡೆ. ಸ್ವಲ್ಪ ನಡೆದರೆ ಪರಿಚಯದವರ ಹೊಲ ಸಿಗುತ್ತದೆ. ಒಂದು ವರ್ಷದಿಂದ ದಿನಾ ಬೆಳಿಗ್ಗೆ ಅಲ್ಲಿ ಚೈನ್ ಬಿಚ್ಚಿ ಬಿಡುತ್ತಿದ್ದೆ. "ಬಾ ಬೆಲ್ಲಾ" ಅಂದರೆ ಸಾಕು, ಬದುವಿನ ಆ ತುದಿಯಿಂದ ಓಡಿ ಬರುತ್ತಿದ್ದಳು. ದಸರಾ ಆದಮೇಲೆ ನಿಧಾನ ಆಯಿತು. ಎರಡು ಸಲ ಕೂಗಬೇಕು, ಮೂರು ಸಲ ಕೂಗಬೇಕು. ಏನೋ ವಾಸನೆ ಹಿಡಿದಿರಬೇಕು ಅಂತ ಸುಮ್ನೆ ಇದ್ದೆ.

ಎಳ್ಳಮಾವಾಸ್ಯೆ ದಿನ ಎಲ್ಲರೂ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆವು. ಊಟಕ್ಕೆ ಕೂರುವ ಹೊತ್ತಿಗೆ ಮೊಲ ಎದ್ದಿತು. ತೊಗರಿ ಆಳೆತ್ತರ ಇತ್ತು. ಬೆಲ್ಲ ಒಳಗೆ ಹೊಕ್ಕಳು. ಗಿಡ ಅಲ್ಲಾಡುವುದು ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಅದೂ ಇಲ್ಲ. ಎರಡು ತಾಸು ಕೂಗಿದೆವು. ಆ ಕಡೆ ಲಾರಿ ಓಡಾಡುವ ರಸ್ತೆ ಇದೆ. ನನ್ನ ಗಂಟಲು ಕಟ್ಟಿಹೋಗಿತ್ತು. ಕೊನೆಗೆ ಅವಳೇ ಬಂದಳು, ನಾಲಿಗೆ ಹೊರಗೆ ಹಾಕಿಕೊಂಡು, ಬಾಲ ಅಲ್ಲಾಡಿಸುತ್ತಾ. ನಾನು ಕೈಯಲ್ಲಿದ್ದ ಚೈನಿನಿಂದ ಹೊಡೆದೆ. ಒಂದೇ ಏಟು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಂದಿನಿಂದ ಹೀಗೆ: ಕರೆದರೆ ಬರುತ್ತಾಳೆ, ಆದರೆ ಹತ್ತು ಹೆಜ್ಜೆ ದೂರ ನಿಲ್ಲುತ್ತಾಳೆ. ಮುಂಗಾಲು ಚಾಚಿ ಎದೆ ನೆಲಕ್ಕೆ ಒತ್ತುತ್ತಾಳೆ. ಕಣ್ಣು ನನ್ನ ಮುಖದ ಮೇಲೆ ಇರುವುದಿಲ್ಲ. ಬಲಗೈ ಮೇಲೆ ಇರುತ್ತದೆ. ನಾನು ಒಂದು ಹೆಜ್ಜೆ ಇಟ್ಟರೆ ಅವಳು ಎರಡು ಹೆಜ್ಜೆ ಹಿಂದೆ. ಈಗ ಚೈನ್ ಬಿಚ್ಚುವುದನ್ನೇ ನಿಲ್ಲಿಸಿದ್ದೇನೆ. ಮನೆಯಲ್ಲಿ ಚಡಪಡಿಸುತ್ತಾಳೆ. ಏನು ಮಾಡಲಿ?

ಭೀಮಾ ದಂಡೆ, ಯಾದಗಿರಿ · ಜನವರಿ 6

ತಂಗೀ, ಏಟಿನ ಬಗ್ಗೆ ನೀವೇ ಬರೆದಿದ್ದೀರಿ, ಅದನ್ನು ನಾನು ಎತ್ತುವುದಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಸಮಸ್ಯೆ ಎಳ್ಳಮಾವಾಸ್ಯೆಗೆ ಶುರುವಾಗಿದ್ದಲ್ಲ. ನೀವೇ ಹೇಳಿದ್ದೀರಲ್ಲ, ದಸರಾ ಆದಮೇಲೆ ನಿಧಾನ ಆದಳು ಅಂತ. ಅಲ್ಲೇ ಇದೆ ವಿಷಯ.

ಒಂದು ಕೆಲಸ ಮಾಡಿ. ಮೂರು ದಿನ ಒಂದು ಚೀಟಿ ಇಟ್ಟುಕೊಳ್ಳಿ. ಮನೆಯಲ್ಲಿ ಯಾರೇ ಅವಳಿಗೆ "ಬಾ" ಅಂದರೂ ಬರೆಯಿರಿ. ಬಂದಮೇಲೆ ಅವಳಿಗೆ ಏನಾಯಿತು ಅನ್ನುವುದನ್ನೂ ಬರೆಯಿರಿ. ಅಷ್ಟೇ. ಚೀಟಿ ನೋಡಿ ಮುಂದೆ ಮಾತಾಡೋಣ.

ಜೇವರ್ಗಿ ರಸ್ತೆ, ಕಲಬುರಗಿ · ಜನವರಿ 7

ಅಕ್ಕಾ, ನನ್ನ ಹತ್ತಿರ ಜರ್ಮನ್ ಶೆಫರ್ಡ್ ಇದೆ. ಇದೇ ಕಷ್ಟ ನಾನೂ ಪಟ್ಟಿದ್ದೇನೆ. ರಿಮೋಟ್ ಒತ್ತಿದರೆ ನಾಯಿಯ ಕುತ್ತಿಗೆಗೆ ಶಾಕ್ ಕೊಡುವ ಕರೆಂಟ್ ಬೆಲ್ಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕಡಿಮೆ ನಂಬರಿನಲ್ಲಿ ಇಟ್ಟರೆ ನೋವಾಗುವುದಿಲ್ಲ ಅಂತ ಹೇಳುತ್ತಾರೆ. ಲಾರಿ ರಸ್ತೆ ಹತ್ತಿರ ಇದ್ದರೆ ಜೀವ ಉಳಿಯುವುದು ಮುಖ್ಯ ಅಲ್ವಾ? ಯೋಚನೆ ಮಾಡಿ ನೋಡಿ.

ಬೀದರ್ ಪಶುವೈದ್ಯೆ · ಜನವರಿ 7

ಜೇವರ್ಗಿ ರಸ್ತೆಯವರೇ, ಜೀವ ಉಳಿಯಬೇಕು ಅನ್ನುವ ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಆ ಬೆಲ್ಟ್ ಬೇಡ, ಅದರಲ್ಲೂ ಬೆಲ್ಲಳಂಥ ನಾಯಿಗೆ ಖಂಡಿತ ಬೇಡ.

ಬಟನ್ ಒತ್ತಿದ ಕ್ಷಣ ನಾಯಿ ಏನನ್ನು ನೋಡುತ್ತಿತ್ತೋ ಅದಕ್ಕೇ ನೋವನ್ನು ಜೋಡಿಸಿಕೊಳ್ಳುತ್ತದೆ. ಆಡುವ ಮಗು ಆಗಬಹುದು, ಮೇಕೆ ಆಗಬಹುದು, ನೀವೇ ಆಗಬಹುದು. ಬೆಲ್ಲಳಿಗೆ ಈಗಾಗಲೇ ಕರೆಯುವವರ ಕೈ ಕಂಡರೆ ಭಯ. ಅದರ ಮೇಲೆ ಇನ್ನೊಂದು ಭಯ ಹೇರಿದ ಹಾಗಾಗುತ್ತದೆ.

ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿದ್ದರು. 63 ನಾಯಿಗಳು, ಹೆಚ್ಚಿನವು ಕರೆದರೆ ಬಾರದವು. ಮೂರು ಗುಂಪು ಮಾಡಿದರು. ಒಂದಕ್ಕೆ ಕರೆಂಟ್ ಬೆಲ್ಟ್ ಬಳಸುವ ಟ್ರೇನರ್‌ಗಳು, ಇನ್ನೊಂದಕ್ಕೆ ಅದೇ ಟ್ರೇನರ್‌ಗಳು ಬೆಲ್ಟ್ ಇಲ್ಲದೆ, ಮೂರನೆಯದಕ್ಕೆ ತಿನಿಸು ಮತ್ತು ಆಟದಿಂದ ಕಲಿಸುವವರು. 2020ರಲ್ಲಿ ಫಲಿತಾಂಶ ಬಂತು. ಮೊದಲ ಮಾತಿಗೇ ಕೇಳುವುದರಲ್ಲಿ, ಬೇಗ ಕೇಳುವುದರಲ್ಲಿ ಮೂರನೇ ಗುಂಪೇ ಮುಂದಿತ್ತು. ವೇಲ್ಸ್‌ನಲ್ಲಂತೂ ಈ ಬೆಲ್ಟ್ 2010ರಿಂದಲೇ ನಿಷೇಧ.

ತೊಗರಿ ಹೊಲದವರಿಗೆ ಒಂದು ಮಾತು. ಯಾವುದೇ ತರಬೇತಿಗೆ ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕಿವಿ ತೋರಿಸಿ. ಕಿವಿ ಒಳಗೆ ಸೋಂಕಾಗಿದ್ದರೆ ಕುತ್ತಿಗೆ ಹತ್ತಿರ ಕೈ ಬಂದರೂ ನೋವು, ನಾಯಿ ತಪ್ಪಿಸಿಕೊಳ್ಳುತ್ತದೆ. ಉಣ್ಣೆ ಕಚ್ಚಿ ಜ್ವರ ಬಂದ ನಾಯಿಗಳೂ ಹೀಗೆ ಮಂಕಾಗುತ್ತವೆ, ನಮ್ಮ ಭಾಗದಲ್ಲಿ ಇದು ಜಾಸ್ತಿ.

ಇನ್ನೊಂದು, ಮುಧೋಳ ರಕ್ತ ಇದೆ ಅಂದಿರಿ. ಅದು ಕಣ್ಣಿನಿಂದ ಬೇಟೆಯಾಡುವ ತಳಿ. ಮೂಗಿನಿಂದ ಹುಡುಕುವ ನಾಯಿ ನೆಲ ಮೂಸುತ್ತಾ ನಿಧಾನ ಹೋಗುತ್ತದೆ, ಇದು ಓಡುವ ಜೀವ ಕಂಡ ಕೂಡಲೇ ಹೊರಟುಬಿಡುತ್ತದೆ. ನಾನು ಓದಿದ್ದು ಬೀದರಿನ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರ ನಮ್ಮ ವಿಶ್ವವಿದ್ಯಾಲಯದ್ದೇ. ಈ ತಳಿ ಹಟಮಾರಿ ಅಂತ ಎಷ್ಟೋ ಜನ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಬಹಳ ಸೂಕ್ಷ್ಮ ಮನಸ್ಸಿನ ನಾಯಿ. ಒಂದು ಏಟು ತಿಂಗಳುಗಟ್ಟಲೆ ನೆನಪಿಡುತ್ತದೆ.

ತೊಗರಿ ಹೊಲ · ಜನವರಿ 10

ಮೇಡಂ, ಕಿವಿ ತೋರಿಸಿದೆ. ಚೆನ್ನಾಗಿದೆ ಅಂದರು. ಜ್ವರವೂ ಇಲ್ಲ.

ಭೀಮಾ ದಂಡೆಯಣ್ಣಾ, ನೀವು ಹೇಳಿದ ಚೀಟಿ ಮುಗಿಯಿತು. ಮೂರು ದಿನದಲ್ಲಿ ಮನೆಯವರೆಲ್ಲ ಸೇರಿ 31 ಸಲ "ಬಾ" ಅಂದಿದ್ದೇವೆ. ಚೈನ್ ಹಾಕಲು ಒಂಬತ್ತು ಸಲ. ಅಂಗಳದಿಂದ ಒಳಗೆ ಕರೆದು ಬಾಗಿಲು ಹಾಕಲು ಏಳು. ಉಣ್ಣೆ ತೆಗೆಯಲು ನಾಲ್ಕು. ಸ್ನಾನಕ್ಕೆ ಒಂದು. ಬಾಯಲ್ಲಿದ್ದ ಚಪ್ಪಲಿ ಕಸಿಯಲು ಎರಡು. ಕಿವಿಗೆ ಬ್ಯಾಟರಿ ಬಿಡಲು ಒಂದು. ಬರಿದೇ ಕರೆದು ತಲೆ ಸವರಿದ್ದು ಐದು. ತಿನ್ನಲು ಕೊಟ್ಟಿದ್ದು ಎರಡು.

ಬರೆದಿಟ್ಟದ್ದನ್ನು ಓದಿ ಅಡುಗೆಮನೆಯಲ್ಲಿ ಸುಮ್ಮನೆ ಕೂತುಬಿಟ್ಟೆ. ನಾನು ಅವಳ ಜಾಗದಲ್ಲಿದ್ದರೂ ಬರುತ್ತಿರಲಿಲ್ಲ.

ಹಟ್ಟಿ ಹುಡುಗ, ಸುರಪುರ · ಜನವರಿ 10

ನಾನು ಕುರಿ ಕಾಯುವ ಮನೆಯವನು. ನಮ್ಮ ತಾತ ನಾಯಿಗೆ ಯಾವತ್ತೂ ಸುಮ್ನೆ ಕೂಗಿದ್ದು ನೋಡಿಲ್ಲ. ಹಗಲೆಲ್ಲ ನಾಯಿ ಅದರ ಪಾಡಿಗೆ, ತಾತ ತನ್ನ ಪಾಡಿಗೆ. ಸಂಜೆ ರೊಟ್ಟಿ ಮುರಿಯುವಾಗ ಬಾಯಲ್ಲಿ ಎರಡು ಬೆರಳಿಟ್ಟು ಒಂದು ಸಿಳ್ಳು ಹಾಕುತ್ತಾನೆ. ಉದ್ದ ಒಂದು, ಗಿಡ್ಡ ಒಂದು. ಹಳ್ಳದ ಆ ಕಡೆ ಇದ್ದರೂ ನಾಯಿ ಬರುತ್ತದೆ. ಬಂದ ನಾಯಿಯನ್ನು ಹಿಡಿಯುವುದಿಲ್ಲ, ಕಟ್ಟುವುದಿಲ್ಲ. ರೊಟ್ಟಿ ಕೊಟ್ಟು ಬಿಟ್ಟುಬಿಡುತ್ತಾನೆ. ಮರಿ ಇದ್ದಾಗಿನಿಂದ ಹೀಗೇ.

ನಾನು ಒಂದು ಸಲ ಆಟಕ್ಕೆ ಅದೇ ಸಿಳ್ಳು ಹಾಕಿದೆ. ನಾಯಿ ಬಂತು, ನನ್ನ ಹತ್ತಿರ ಏನೂ ಇರಲಿಲ್ಲ. ತಾತ ಅವತ್ತು ನನ್ನನ್ನು ಬೈದ ಹಾಗೆ ಯಾವತ್ತೂ ಬೈದಿಲ್ಲ. "ನಾಯಿಗೆ ಸುಳ್ಳು ಹೇಳಬ್ಯಾಡಲೇ" ಅಂದ.

ಭೀಮಾ ದಂಡೆ · ಜನವರಿ 11

ಹಟ್ಟಿ ಹುಡುಗನ ತಾತನಿಗೆ ನನ್ನ ನಮಸ್ಕಾರ. ನಾನು ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಾರೆ.

ತಂಗೀ, "ಬಾ" ಅನ್ನುವ ಮಾತು ಕೆಟ್ಟಿದೆ. ಅದನ್ನು ರಿಪೇರಿ ಮಾಡಲು ಹೋಗಬೇಡಿ. ಬಿಟ್ಟುಬಿಡಿ. ಮನೆಯವರು ಬಾಗಿಲು ಹಾಕಲು, ಉಣ್ಣೆ ತೆಗೆಯಲು ಅದನ್ನೇ ಬಳಸಿಕೊಳ್ಳಲಿ. ಇನ್ನೂ ಒಳ್ಳೆಯದು ಅಂದರೆ, ಅಂಥ ಕೆಲಸಕ್ಕೆ ಕರೆಯುವುದೇ ಬೇಡ, ಎದ್ದು ನೀವೇ ಅವಳ ಹತ್ತಿರ ಹೋಗಿ. ಹೊಲಕ್ಕೆ ಒಂದು ಹೊಸ ಮಾತು ಬೇಕು. ಮನೆಯಲ್ಲಿ ದಿನಾ ಬಳಸದ ಮಾತು, ಸಿಟ್ಟಿನಲ್ಲಿ ಹೇಳಲು ಬಾರದ ಮಾತು, ದೂರಕ್ಕೆ ಕೇಳುವಂಥದ್ದು. ಸೀಟಿ ಆದರೂ ಆಯಿತು. ಸೀಟಿಯ ಗುಣ ಏನೆಂದರೆ ನಿಮ್ಮ ಗಾಬರಿ ಅದರಲ್ಲಿ ಕೇಳಿಸುವುದಿಲ್ಲ. ಅದಕ್ಕೇ ಬೇಟೆ ನಾಯಿ ಸಾಕುವವರು ಒಂದೇ ಸ್ವರದ ಪ್ಲಾಸ್ಟಿಕ್ ಸೀಟಿ ಕಟ್ಟಿಕೊಂಡಿರುತ್ತಾರೆ. ಕಳೆದುಹೋದರೂ ಅದೇ ನಂಬರಿನದು ಮತ್ತೆ ಸಿಗುತ್ತದೆ.

ಮೊದಲ ಹತ್ತು ದಿನ ಮನೆ ಬಿಟ್ಟು ಹೊರಗೆ ಆ ಮಾತು ಬೇಡ. ಅವಳು ನಿಮ್ಮ ಪಕ್ಕದಲ್ಲೇ ಇದ್ದಾಗ ಮಾತು ಹೇಳಿ, ಕೂಡಲೇ ತಿನಿಸು ಕೊಡಿ. ಬರಲಿ, ಬರದಿರಲಿ, ಕೂರಲಿ, ನಿಲ್ಲಲಿ, ಏನನ್ನೂ ಕೇಳಬೇಡಿ. ಮಾತು ಮೊದಲು, ತಿನಿಸು ಆಮೇಲೆ. ಇದು ತಪ್ಪಬಾರದು. ಕೈಯಲ್ಲಿ ತಿನಿಸು ತೋರಿಸಿ ಆಮೇಲೆ ಕರೆದರೆ ಅವಳು ಕೈ ನೋಡಲು ಕಲಿಯುತ್ತಾಳೆ, ಮಾತು ಕೇಳಲು ಅಲ್ಲ. ಒಂದು ಹೊತ್ತಿಗೆ ಐದಾರು ಸಲ, ದಿನಕ್ಕೆ ಮೂರು ಹೊತ್ತು. ತಿನಿಸು ಅಂದರೆ ಬಿಸ್ಕೆಟ್ ಅಲ್ಲ. ಅವಳು ಬೇರೆ ಯಾವಾಗಲೂ ಕಾಣದಂಥದ್ದು.

ಆಮೇಲೆ ಪಕ್ಕದ ಕೋಣೆಯಿಂದ ಹೇಳಿ. ಆಮೇಲೆ ಮಾಳಿಗೆ ಮೇಲೆ. ಮನೆಯಲ್ಲಿ ಇಬ್ಬರಿದ್ದರೆ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು ನಿಂತು ಒಬ್ಬರಾದ ಮೇಲೆ ಒಬ್ಬರು ಕರೆಯಿರಿ. ಮಕ್ಕಳಿಗೆ ಇದು ಬಹಳ ಇಷ್ಟ. ಒಂದು ಸಲ ಮಾತ್ರ ಹೇಳಬೇಕು. ಬರಲಿಲ್ಲವೋ, ಎರಡನೇ ಸಲ ಹೇಳಬೇಡಿ. ನೀವು ಕೇಳಿದ್ದು ಅವಳಿಗೆ ಇನ್ನೂ ಕಷ್ಟ ಅಂತ ಅರ್ಥ, ದೂರ ಕಡಿಮೆ ಮಾಡಿ.

ಹತ್ತರಲ್ಲಿ ಎಂಟು ಸಲ ತಟ್ಟನೆ ತಿರುಗಿ ಬಂದರೆ ಹೊಲಕ್ಕೆ ಹೋಗಿ. ಆದರೆ ಹಗ್ಗದ ಮೇಲೆ. ಹತ್ತು ಮೀಟರ್ ಹಗ್ಗ, ಕುತ್ತಿಗೆ ಬೆಲ್ಟಿಗೆ ಕಟ್ಟಬೇಡಿ. ಮುಧೋಳ ಜಾತಿ ಹತ್ತು ಮೀಟರ್ ಓಡಿ ತಟ್ಟನೆ ನಿಂತರೆ ಕತ್ತಿಗೆ ಪೆಟ್ಟು. ಎದೆಗೆ ಹಾಕುವ ಹಾರ್ನೆಸ್ ತಂದು ಬೆನ್ನ ಮೇಲಿನ ರಿಂಗಿಗೆ ಕಟ್ಟಿ. ಹಗ್ಗ ಎಳೆದು ತರಲು ಅಲ್ಲ. ಅವಳು ತಪ್ಪಿಸಿಕೊಂಡು ಹೋಗದಿರಲಿ ಅಂತ, ಅಷ್ಟೇ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಬಂದಾಗ ಎಡಗೈಯಿಂದ ಕುತ್ತಿಗೆ ಬೆಲ್ಟ್ ಮುಟ್ಟಿ, ಬಲಗೈಯಿಂದ ತಿನ್ನಿಸಿ, "ಹೋಗು" ಅಂತ ಬಿಟ್ಟುಬಿಡಿ. ಹತ್ತು ಸಲ ಕರೆದರೆ ಒಂಬತ್ತು ಸಲ ಹೀಗೇ. ಹತ್ತನೇ ಸಲ ಚೈನ್ ಹಾಕಿ, ಆಗಲೂ ಕೂಡಲೇ ಮನೆ ಕಡೆ ತಿರುಗಬೇಡಿ, ಸ್ವಲ್ಪ ಹೊತ್ತು ಅಲ್ಲೇ ಓಡಾಡಿ. ಬಂದರೆ ಆಟ ಮುಗಿಯುವುದಿಲ್ಲ ಅಂತ ಅವಳಿಗೆ ಮನವರಿಕೆ ಆಗಬೇಕು. ನನ್ನ ಕರಿಯನಿಗೆ ಇದು ಮನವರಿಕೆ ಆಗಲು ನಾಲ್ಕು ತಿಂಗಳು ಬೇಕಾಯಿತು. ಬೀದಿಯಲ್ಲಿ ಹುಟ್ಟಿದ ನಾಯಿ, ಮೊದಲಿದ್ದವರು ಹಿಡಿದು ಹಿಡಿದು ಹೊಡೆದಿದ್ದರು.

ಪಾಪನಾಶ, ಬೀದರ್ · ಜನವರಿ 12

ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಮೊಟ್ಟೆಯೂ ಒಳಗೆ ಬರುವುದಿಲ್ಲ. ಹಾಗಾದರೆ "ಬೇರೆ ಯಾವಾಗಲೂ ಕಾಣದಂಥ ತಿನಿಸು" ಏನು ಕೊಡಬೇಕು? ನನ್ನದು ಎಂಟು ತಿಂಗಳ ಲ್ಯಾಬ್. ಐದು ತಿಂಗಳಲ್ಲಿ ಕರೆದರೆ ಬರುತ್ತಿದ್ದ, ಈಗ ಕೇಳಿಸದವನ ಹಾಗೆ ಇರುತ್ತಾನೆ.

ಬೀದರ್ ಪಶುವೈದ್ಯೆ · ಜನವರಿ 12

ಪನೀರ್ ಕೊಡಿ. ಕಡಲೆಕಾಳಿನಷ್ಟು ದೊಡ್ಡ ತುಂಡು ಸಾಕು. ಹುರಿದ ಶೇಂಗಾ ಉಪ್ಪಿಲ್ಲದೆ ಕೊಡಬಹುದು, ಲ್ಯಾಬ್ ಆದ್ದರಿಂದ ಲೆಕ್ಕ ಇಟ್ಟು ಕೊಡಿ, ಬೇಗ ಮೈ ಬರುತ್ತದೆ. ಜೋಳದ ರೊಟ್ಟಿಗೆ ಚೂರು ತುಪ್ಪ ಸವರಿ ಒಣಗಿಸಿ ಮುರಿದಿಟ್ಟುಕೊಂಡವರನ್ನೂ ನೋಡಿದ್ದೇನೆ, ನಾಯಿ ಅದಕ್ಕೂ ಓಡಿ ಬರುತ್ತದೆ. ಮಾಂಸ ತಿನ್ನುವ ಮನೆಯವರು ಕೋಳಿ ಲಿವರ್ ಬರೀ ನೀರಲ್ಲಿ ಬೇಯಿಸಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಪಲ್ಯದ ತುಂಡು ಬೇಡ, ಅದು ನಾಯಿಯ ರಕ್ತಕಣ ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಒಂದೂ ಬೇಡ. ಕಿಡ್ನಿ ಕೆಡುತ್ತದೆ.

ಎಂಟು ತಿಂಗಳು ಅಂದರೆ ಹರೆಯ. ಅವನು ಮರೆತಿಲ್ಲ. ಬ್ರಿಟನ್ನಿನಲ್ಲಿ 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಇದೇ ಕಂಡಿತ್ತು: ಐದು ತಿಂಗಳಲ್ಲಿ ಮಾತು ಕೇಳುತ್ತಿದ್ದ ಮರಿಗಳು ಎಂಟು ತಿಂಗಳಿಗೆ ಬಂದಾಗ ಸಾಕಿದವರ ಮಾತನ್ನೇ ಕಡಿಮೆ ಕೇಳಿದವು, ಪರಕೀಯರ ಮಾತನ್ನು ಅಲ್ಲ. ಈ ಕೆಲವು ತಿಂಗಳು ಹಗ್ಗದ ಮೇಲೆ ಇಡಿ, ಬೈಯಬೇಡಿ, ದಾಟಿ ಬರುತ್ತಾನೆ.

ನೀವು ಬೀದರಿನವರು ಆದ್ದರಿಂದ ಹೇಳುತ್ತೇನೆ. ಹೊರವಲಯದ ಹೊಲಗಳಲ್ಲಿ ಕೃಷ್ಣಮೃಗ ಇವೆ. ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿ. ಅವು ಕಾಣುವ ಕಡೆ ಹಗ್ಗ ಬಿಚ್ಚಲೇಬೇಡಿ, ನಾಯಿ ಎಷ್ಟೇ ಮಾತು ಕೇಳಲಿ.

ತೊಗರಿ ಹೊಲ · ಫೆಬ್ರವರಿ 3

ಹೊಸ ಮಾತು "ಹೋಳಿಗೆ" ಅಂತ ಇಟ್ಟುಕೊಂಡಿದ್ದೇವೆ. ಮಗಳು ಆರಿಸಿದ್ದು. "ಹೋ" ಅಂತ ಎಳೆದರೆ ದೂರಕ್ಕೆ ಕೇಳುತ್ತದೆ. ಸಿಟ್ಟು ಬಂದಾಗ ಹೋಳಿಗೆ ಅನ್ನಲು ನಿಜವಾಗಿಯೂ ಬಾಯಿ ಬರುವುದಿಲ್ಲ, ಪ್ರಯತ್ನ ಮಾಡಿ ನೋಡಿದೆ.

ಮನೆಯೊಳಗೆ ಹನ್ನೆರಡು ದಿನ ಮಾಡಿದೆವು. ಆರನೇ ದಿನ ಒಂದು ವಿಷಯ ಕಂಡಿತು. ಬೆಲ್ಲ ಮಂಚದ ಕೆಳಗೆ ಮಲಗಿದ್ದಳು. ನಾನು ಅಡುಗೆಮನೆಯಿಂದ ಹೋಳಿಗೆ ಅಂದೆ. ಮೊದಲು ಉಗುರು ನೆಲಕ್ಕೆ ತಾಗುವ ಸದ್ದು, ಆಮೇಲೆ ತಿರುವಿನಲ್ಲಿ ಜಾರಿ ಗೋಡೆಗೆ ಹಿಂಗಾಲು ಬಡಿದ ಸದ್ದು, ಆಮೇಲೆ ಅವಳು. ಮುಖ ನೋಡುತ್ತಿದ್ದಳು. ಕೈ ಅಲ್ಲ.

ಹೊಲದಲ್ಲಿ ಅಷ್ಟು ಸಲೀಸಾಗಿಲ್ಲ. ಮೊದಲು ಅಂಗಡಿಯಲ್ಲಿ ಸಿಕ್ಕ ನೈಲಾನ್ ಹಗ್ಗ ತಂದೆ. ಎರಡನೇ ದಿನವೇ ಅವಳು ಹಾರಿದಾಗ ಅಂಗೈ ಸುಟ್ಟ ಹಾಗೆ ಆಯಿತು, ಚರ್ಮ ಎದ್ದಿತು. ಈಗ ಎತ್ತಿಗೆ ಕಟ್ಟುವ ಥರದ ನೂಲಿನ ಹಗ್ಗ ತಂದಿದ್ದೇನೆ, ಭಾರ ಸ್ವಲ್ಪ ಜಾಸ್ತಿ, ಕೈಗೆ ಹಿತ. ತೊಗರಿ ಕೊಯ್ಲಾಗಿದೆ. ಎಲ್ಲ ಕಡೆ ಕಾಣುತ್ತದೆ, ಅದು ಒಳ್ಳೆಯದು. ಆದರೆ ಕೊಯ್ದ ಕೂಳೆ ಮೊಳೆಯ ಹಾಗೆ ನಿಂತಿದೆ. ಬೆಲ್ಲಳ ಮುಂಗಾಲಿನ ಮೆತ್ತೆ ಸೀಳಿತು. ನಾಲ್ಕು ದಿನ ಸಾಲು ಬಿಟ್ಟು ಬಂಡಿದಾರಿಯಲ್ಲೇ ಅಭ್ಯಾಸ ಮಾಡಿದೆವು.

ಹಗ್ಗ ಇದ್ದಾಗ ಬರುತ್ತಾಳೆ. ಬಂದಮೇಲೆ ಬೆಲ್ಟ್ ಮುಟ್ಟಲು ಕೈ ಚಾಚಿದರೆ ಮಾತ್ರ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಇದಕ್ಕೇನು ಮಾಡಲಿ ಅಣ್ಣಾ?

ಭೀಮಾ ದಂಡೆ · ಫೆಬ್ರವರಿ 3

ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ, ಬೆರಳು ಮುರಿಯುತ್ತದೆ. ಮಡಿಕೆ ಮಾಡಿ ಹಿಡಿಯಿರಿ.

ಬೆಲ್ಟಿನ ವಿಷಯವನ್ನು ಹೊಲದಲ್ಲಿ ಸರಿ ಮಾಡಲು ಆಗುವುದಿಲ್ಲ, ಮನೆಯಲ್ಲಿ ಮಾಡಿ. ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಗದ್ದದ ಕೆಳಗೆ ಒಂದು ಬೆರಳು ತಾಗಿಸಿ, ತಿನ್ನಿಸಿ. ನಾಳೆ ಎರಡು ಬೆರಳು. ನಾಲ್ಕೈದು ದಿನ ಬಿಟ್ಟು ಬೆಲ್ಟ್ ಹಿಡಿಯಿರಿ, ತಿನ್ನಿಸಿ, ಬಿಡಿ. ಕೈ ಯಾವಾಗಲೂ ಕೆಳಗಿನಿಂದ ಬರಲಿ. ತಲೆ ಮೇಲಿಂದ ಬಂದ ಕೈ ಅವಳಿಗೆ ಅವತ್ತಿನ ಏಟನ್ನು ನೆನಪಿಸುತ್ತದೆ. ಇನ್ನು ಹೊಲದಲ್ಲಿ ಅವಳು ಬರುವಾಗ ಎದುರಾಗಿ ನೆಟ್ಟಗೆ ನಿಲ್ಲಬೇಡಿ. ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಇಲ್ಲವೇ ಅವಳಿಗೆ ಬೆನ್ನು ಹಾಕಿ ನಾಲ್ಕು ಹೆಜ್ಜೆ ಓಡಿ. ಓಡುವುದನ್ನು ಬೆನ್ನಟ್ಟುವ ಜಾತಿ ಅಲ್ವಾ, ನಿಮ್ಮನ್ನೇ ಬೆನ್ನಟ್ಟಲಿ.

ಮತ್ತೊಂದು. ನೀವು ಕರೆಯದೆಯೇ ಅವಳಾಗಿ ಬಂದು ನಿಮ್ಮನ್ನು ನೋಡಿ ಹೋಗುತ್ತಾಳಲ್ಲ, ಅದಕ್ಕೂ ಒಂದು ತುಣುಕು ಕೊಡಿ. ಪ್ರತಿ ಸಲ. ಎಲ್ಲರೂ ಬಿಡುವುದು ಇದನ್ನೇ.

ಅಪ್ಪನ ಕೆರೆ ವಾಕಿಂಗ್, ಕಲಬುರಗಿ · ಫೆಬ್ರವರಿ 9

ನಮಗೆ ಹೊಲ ಇಲ್ಲ. ಬೆಳಿಗ್ಗೆ ಕೆರೆ ಕಡೆ ಹೋಗುತ್ತೇವೆ. ನಮ್ಮ ಟಾಮಿ ಚೆನ್ನಾಗಿ ಮಾತು ಕೇಳುತ್ತಾನೆ. ಅಲ್ಲಿ ಬಿಡಬಹುದಾ? ಬೀದಿ ನಾಯಿಗಳದ್ದೇ ಭಯ.

ಬೀದರ್ ಪಶುವೈದ್ಯೆ · ಫೆಬ್ರವರಿ 9

ಬಿಡಬೇಡಿ. ಅದು ಜನ ಓಡಾಡುವ ಜಾಗ. ನಾಯಿ ಕಂಡರೆ ಹೆದರುವ ಮಕ್ಕಳು, ಮುದುಕರು ಇರುತ್ತಾರೆ. ನಾಯಿಯಿಂದ ಬೇರೆಯವರಿಗೆ ತೊಂದರೆಯಾದರೆ ಕಾನೂನಿನಲ್ಲೂ ಜವಾಬ್ದಾರಿ ನಿಮ್ಮದೇ. ಬೀದಿ ನಾಯಿಗಳಿಗೆ ಅದು ಅವುಗಳ ಜಾಗ, ಬಿಚ್ಚಿದ ನಾಯಿ ಒಳಗೆ ಬಂದರೆ ಗುಂಪು ಕಟ್ಟುತ್ತವೆ. ಚೈನಿನಲ್ಲೇ ಇಟ್ಟುಕೊಂಡು, ಗುಂಪು ಕಂಡರೆ ಓಡದೆ ನಿಧಾನ ದಾರಿ ಬದಲಿಸಿ. ಮಾತಿನ ಅಭ್ಯಾಸ ಮಾಳಿಗೆ ಮೇಲೆ ಮಾಡಿ. ರೇಬಿಸ್ ಚುಚ್ಚುಮದ್ದು ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಯಾವ ನಾಯಿಯೇ ಆಗಲಿ, ನಿಮ್ಮನ್ನು ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ.

ಜೇವರ್ಗಿ ರಸ್ತೆ · ಫೆಬ್ರವರಿ 20

ಒಂದು ಮಾತು ಹೇಳಬೇಕು ಅನ್ನಿಸಿತು. ಕರೆಂಟ್ ಬೆಲ್ಟ್ ತೆಗೆದಿಟ್ಟಿದ್ದೇನೆ. ಡಾಕ್ಟರ್ ಮೇಡಂ ಬರೆದಿದ್ದನ್ನು ಓದಿದ ಮೇಲೆ ನೆನಪಾಯಿತು, ನಮ್ಮ ನಾಯಿ ಕಳೆದ ವರ್ಷದಿಂದ ಸೈಕಲ್ ಕಂಡರೆ ಗುರ್ ಅನ್ನುತ್ತದೆ. ನಾನು ಬಟನ್ ಒತ್ತಿದ ದಿನ ಅದು ಪೇಪರ್ ಹುಡುಗನ ಸೈಕಲ್ ಹಿಂದೆ ಓಡಿತ್ತು. ಈಗ ನಾನೂ ಸೀಟಿಯಿಂದ ಶುರು ಮಾಡಿದ್ದೇನೆ.

ತೊಗರಿ ಹೊಲ · ಮಾರ್ಚ್ 31

ಯುಗಾದಿ ಶುಭಾಶಯ ಎಲ್ಲರಿಗೂ. ಒಂದು ತೊಂದರೆ. ನಿನ್ನೆ ಮನೆಯಲ್ಲಿ ನಿಜವಾದ ಹೋಳಿಗೆ. ಅಮ್ಮ ಬಂದವರಿಗೆಲ್ಲ "ಇನ್ನೊಂದು ಹೋಳಿಗೆ ಹಾಕ್ಲಾ" ಅಂತ ಕೇಳುತ್ತಿದ್ದರು. ಪ್ರತಿ ಸಲವೂ ಬೆಲ್ಲ ಓಡಿ ಬಂದು ಪಂಕ್ತಿಯ ನಡುವೆ ನಿಂತಳು. ಅಷ್ಟು ಕಷ್ಟಪಟ್ಟು ಕಟ್ಟಿದ ಮಾತು. ಖಾಲಿ ಕೈಯಲ್ಲಿ ಕಳಿಸಬಾರದು ಅಂತ ಹಟ್ಟಿ ಹುಡುಗನ ತಾತ ನೆನಪಾದರು. ಮಗಳು ಪನೀರ್ ಡಬ್ಬಿ ಹಿಡಿದು ಮೂಲೆಯಲ್ಲಿ ಕೂತಳು, ಬೆಲ್ಲ ಬಂದಾಗಲೆಲ್ಲ ಒಂದು ತುಣುಕು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಮನೆಮಂದಿಯೆಲ್ಲ "ಸಿಹಿ ಹಾಕ್ಲಾ" ಅನ್ನಲು ಕಲಿತರು.

ಹಟ್ಟಿ ಹುಡುಗ · ಮಾರ್ಚ್ 31

ತಾತನಿಗೆ ಓದಿ ಹೇಳಿದೆ ಅಕ್ಕಾ. "ಆ ಕೂಸು ಜಾಣಿ ಅದ" ಅಂದ. ನಿಮ್ಮ ಮಗಳಿಗೆ ಹೇಳಿ.

ಬೀದರ್ ಪಶುವೈದ್ಯೆ · ಏಪ್ರಿಲ್ 2

ಎಲ್ಲರಿಗೂ ಬೇಸಿಗೆಯ ಮಾತು. ನಮ್ಮ ಮೂರೂ ಜಿಲ್ಲೆಯಲ್ಲಿ ಇನ್ನು ಎರಡು ತಿಂಗಳು 40 ಡಿಗ್ರಿ ದಾಟುತ್ತದೆ. ಹೊರಡುವ ಮೊದಲು ಅಂಗೈ ಹಿಂಭಾಗ ನೆಲಕ್ಕೆ ಇಟ್ಟು ಏಳು ಎಣಿಸಿ. ಅಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯ ಕಾಲಿಗೂ ಆಗದು. ಡಾಂಬರು, ಶಹಾಬಾದ್ ಕಲ್ಲಿನ ಅಂಗಳ ಸಂಜೆ ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಬಿಸಿ ಇರುತ್ತವೆ. ಬೆಳಿಗ್ಗೆ ಐದೂವರೆಗೇ ಹೋಗಿ ಬನ್ನಿ. ಮುಧೋಳದಂಥ ನಾಯಿ ದಣಿದರೂ ನಿಲ್ಲುವುದಿಲ್ಲ, ನೀವೇ ನಿಲ್ಲಿಸಬೇಕು. ನಾಲಿಗೆ ಅಗಲವಾಗಿ ಜೋತು, ಜೊಲ್ಲು ಗಟ್ಟಿಯಾಗಿ, ತೂರಾಡಿದರೆ ನೆರಳಿಗೆ ತಂದು ಮೈಗೆ ನೀರು ಸುರಿಯುತ್ತಾ ಗಾಳಿ ಹಾಕಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಏದುಸಿರು ಬಿಡುವ ನಾಯಿ ಒಣ ತಿನಿಸು ತಿನ್ನುವುದಿಲ್ಲ, ಅದನ್ನು ಮಾತು ಕೇಳಲಿಲ್ಲ ಅಂತ ತಿಳಿಯಬೇಡಿ.

ತೊಗರಿ ಹೊಲ · ಏಪ್ರಿಲ್ 19

ಇವತ್ತು ಬೆಳಿಗ್ಗೆ ಆಗಿದ್ದನ್ನು ಬರೆಯದೆ ಇರಲಾಗಲಿಲ್ಲ.

ಹದಿನೈದು ದಿನದಿಂದ ಹಗ್ಗದ ತುದಿ ಕೈಯಿಂದ ಬಿಟ್ಟಿದ್ದೇನೆ, ನೆಲದ ಮೇಲೆ ಎಳೆದುಕೊಂಡು ಓಡಾಡುತ್ತಾಳೆ. ಇವತ್ತು ಬಂಡಿದಾರಿ ಪಕ್ಕದ ಜಾಲಿ ಗಿಡದ ಹತ್ತಿರ ಅವಳ ಕಿವಿ ಮುಂದಕ್ಕೆ ಬಂತು. ಬಾಲ ನೆಟ್ಟಗಾಯಿತು. ಆ ಹೊತ್ತಿಗೆ ಕರೆದಿದ್ದರೆ ಸರಿಯಿತ್ತು, ನಾನು ಒಂದು ಉಸಿರು ತಡ ಮಾಡಿದೆ. ಗಿಡದ ಬುಡದಿಂದ ನಾಲ್ಕೈದು ಕೌಜುಗ ಬರ್ರೆಂದು ಎದ್ದವು. ಬೆಲ್ಲ ಹಾರಿದಳು. ಒಂದು ನೆಗೆತ, ಎರಡು, ಮೂರು. ಹಗ್ಗ ಧೂಳೆಬ್ಬಿಸುತ್ತಾ ಹಿಂದೆ. ನಾನು "ಹೋ...ಳಿಗೆ" ಅಂದೆ. ಒಂದೇ ಸಲ. ಅಂದು ಬೆನ್ನು ಹಾಕಿ ಓಡಿದೆ, ಹಿಂದೆ ತಿರುಗಿ ನೋಡಲು ಧೈರ್ಯ ಇರಲಿಲ್ಲ.

ಹಗ್ಗ ಕೂಳೆಗೆ ಉಜ್ಜುವ ಸದ್ದು ಕೇಳಿತು. ಹತ್ತಿರ ಬಂತು. ಆಮೇಲೆ ಮೊಣಕಾಲ ಹಿಂದೆ ಒದ್ದೆ ಮೂಗು ತಾಗಿತು.

ಅಲ್ಲೇ ಕೂತೆ. ಡಬ್ಬಿಯಲ್ಲಿದ್ದ ಲಿವರ್ ಅಷ್ಟನ್ನೂ ಒಂದೊಂದೇ ತುಣುಕು ಕೊಟ್ಟೆ. ಬೆಲ್ಟ್ ಹಿಡಿದೆ, ತಲೆ ಎಳೆದುಕೊಳ್ಳಲಿಲ್ಲ. "ಹೋಗು" ಅಂದೆ. ಹಕ್ಕಿ ಎದ್ದ ಗಿಡದ ಬುಡಕ್ಕೇ ಹೋಗಿ ಮನಸಾರೆ ಮೂಸಿದಳು. ನಾನೂ ಕಾಯುತ್ತಾ ನಿಂತೆ.

ಎಲ್ಲ ಸರಿಹೋಯಿತು ಅಂತ ಹೇಳುವುದಿಲ್ಲ. ಮೊನ್ನೆ ಗುರುವಾರ ಕುರಿ ಹಿಂಡು ಬಂದಿತ್ತು, ಗೊಬ್ಬರಕ್ಕೆ ಅಂತ ಪಕ್ಕದ ಹೊಲದಲ್ಲಿ ನಿಲ್ಲಿಸಿದ್ದರು. ಅವತ್ತು ನನ್ನ ಮಾತು ಅವಳ ಕಿವಿಗೇ ಬೀಳಲಿಲ್ಲ. ಹಗ್ಗ ಕೈಯಲ್ಲಿತ್ತು, ಬಚಾವ್. ಮೊಲದ ಪರೀಕ್ಷೆ ಇನ್ನೂ ಆಗಿಲ್ಲ. ಮುಂದಿನ ತೊಗರಿ ಎತ್ತರಕ್ಕೆ ಬರುವ ತನಕ ಏಳು ತಿಂಗಳು ಇದೆ.

ಭೀಮಾ ದಂಡೆ · ಏಪ್ರಿಲ್ 19

ಕಣ್ಣು ತುಂಬಿ ಬಂತು ತಂಗೀ. ಕುರಿ ವಿಷಯಕ್ಕೆ ಅವಸರ ಬೇಡ. ಹಿಂಡು ಬಹಳ ದೂರ, ಬರೀ ಚುಕ್ಕೆಯ ಹಾಗೆ ಕಾಣುವ ಕಡೆ ನಿಂತು ಶುರು ಮಾಡಿ. ಅಲ್ಲಿ ತಿರುಗಿ ನೋಡಿದರೂ ಸಾಕು, ಕೊಡಿ. ವಾರಕ್ಕೆ ಇಪ್ಪತ್ತು ಹೆಜ್ಜೆ ಹತ್ತಿರ ಹೋದರೆ ಜಾಸ್ತಿಯೇ ಆಯಿತು. ಕುರಿಯವರಿಗೆ ಮೊದಲೇ ಹೇಳಿ ಹೋಗಿ, ಅವರ ನಾಯಿಗಳು ಸುಮ್ಮನಿರುವುದಿಲ್ಲ.

ಜೇವರ್ಗಿ ರಸ್ತೆ · ಏಪ್ರಿಲ್ 20

ಅಕ್ಕಾ, ಆ ನೂಲಿನ ಹಗ್ಗ ಎಲ್ಲಿ ತಂದಿರಿ? ನಮ್ಮ ಕಡೆ ಬರೀ ನೈಲಾನ್ ಸಿಗುತ್ತಿದೆ.

ತೊಗರಿ ಹೊಲ · ಏಪ್ರಿಲ್ 20

ದನದ ಕಣ್ಣಿ, ಬಾರಕೋಲು ಮಾರುವ ಅಂಗಡಿಯಲ್ಲಿ ಕೇಳಿ, ಸಂತೆ ದಿನ ಖಂಡಿತ ಸಿಗುತ್ತದೆ. ನನ್ನ ಹತ್ತಿರ ಇನ್ನೊಂದು ಹೊಸದಿದೆ, ಭಾನುವಾರ ಬೆಳಿಗ್ಗೆ ಬೇಕಾದರೆ ಕೊಡುತ್ತೇನೆ. ತುದಿಗೆ ಗಂಟು ಹಾಕಿಲ್ಲ, ನೀವೂ ಹಾಕಬೇಡಿ. ಗಂಟು ಇದ್ದರೆ ಎಳೆದುಕೊಂಡು ಓಡುವಾಗ ಕೂಳೆಗೆ, ಜಾಲಿ ಬುಡಕ್ಕೆ ಸಿಕ್ಕಿಕೊಳ್ಳುತ್ತದೆ.